ಓದುಗರ ಪ್ರಶ್ನೆ, ನಮ್ಮ ಉತ್ತರ: ಕಟ್ಟುವುದೋ, ಕಾಯುವುದೋ?

ಈ ತಿಂಗಳು ಕೈಸೇರಿದ ಪತ್ರಗಳ ಪೈಕಿ ನಾಲ್ಕು ಪತ್ರಗಳು ಬೇರೆ ಬೇರೆ ಊರುಗಳಿಂದ ಬಂದಿದ್ದರೂ ಒಂದೇ ವಿಷಯವನ್ನು ಕೇಳುತ್ತಿದ್ದವು. ಹಿರಿಯರಿಂದ ಬಂದದ್ದನ್ನು ಏನು ಮಾಡಬೇಕು, ನಾವು ಹೋದ ಮೇಲೆ ಏನನ್ನು ಉಳಿಸಬೇಕು ಎಂಬುದು ಆ ವಿಷಯ. ಆದ್ದರಿಂದ ಈ ಸಲದ ಅಂಕಣವನ್ನು ಆ ನಾಲ್ಕಕ್ಕೇ ಮೀಸಲಿಟ್ಟಿದ್ದೇನೆ. ಕೇಳಿದವರ ಕೋರಿಕೆಯಂತೆ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ಬ್ಯಾಂಕ್ ನೌಕರಿಯಿಂದ ನಿವೃತ್ತನಾಗಿ ಬೆಂಗಳೂರಿನಲ್ಲಿ ನೆಲೆಸಿದ್ದೇನೆ. ಮೂಲ ಊರು ತುಮಕೂರು ಜಿಲ್ಲೆಯ ಒಂದು ಹಳ್ಳಿ. ತಂದೆಯವರು ತೀರಿಕೊಂಡು ಮುಂದಿನ ವರ್ಷಕ್ಕೆ ಹತ್ತು ವರ್ಷವಾಗುತ್ತದೆ. ಅವರ ಹೆಸರಿನಲ್ಲಿ ಊರಿಗೆ ಉಳಿಯುವಂಥದ್ದೇನಾದರೂ ಮಾಡಬೇಕೆಂದು ಅಣ್ಣತಮ್ಮಂದಿರು ಸೇರಿ ಸ್ವಲ್ಪ ಹಣ ಕೂಡಿಸಿದ್ದೇವೆ. ಊರ ಮುಂದೆ ಸ್ವಾಗತ ಕಮಾನು ಆಗಲಿ ಎಂದು ತಮ್ಮ, ಸಮುದಾಯ ಭವನ ಆಗಲಿ ಎಂದು ಅಣ್ಣ ಹೇಳುತ್ತಾರೆ. ನನಗೆ ಶಾಲೆಯಲ್ಲಿ ಕಲಿತ ‘ಕೆರೆಯಂ ಕಟ್ಟಿಸು, ಬಾವಿಯಂ ಸವೆಸು, ದೇವಾಗಾರಮಂ ಮಾಡಿಸು’ ಎಂಬ ಪದ್ಯ ನೆನಪಾಗಿ, ನಮ್ಮ ಹೊಲದ ತಗ್ಗಿನಲ್ಲಿ ಹೊಸದೊಂದು ಕಟ್ಟೆ ಕಟ್ಟಿಸೋಣ ಎನ್ನಿಸಿದೆ. ಊರಿನಲ್ಲಿ ಹಳೆಯ ಕೆರೆಯೊಂದಿದೆ. 2022ರ ಮಳೆಗೆ ಅದು ಎಷ್ಟೋ ವರ್ಷಗಳ ಮೇಲೆ ತುಂಬಿ ಕೋಡಿ ಬಿತ್ತು. ಆದರೆ ಗದ್ದೆಗೆ ನೀರು ಬಿಡುವ ತೂಬು ಸೋರಿ ಬೇಸಿಗೆಗೆ ಮೊದಲೇ ಬರಿದಾಯಿತು. ಏರಿಯ ಮೇಲೆ ಅರ್ಧ ಹೂತುಹೋದ ಶಾಸನದ ಕಲ್ಲೂ ಇದೆ. ಏನು ಮಾಡಿದರೆ ಹಿರಿಯರು ಮೆಚ್ಚಿಯಾರು?

ಉತ್ತರ: ನಿಮಗೆ ನೆನಪಾದ ಪದ್ಯ ವಿಜಯನಗರದ ಕಾಲದ ಶಾಸನದ್ದು. ಲಕ್ಷ್ಮೀಧರನೆಂಬ ಅಮಾತ್ಯನಿಗೆ ಅವನ ತಾಯಿ ಹಾಲೂಡುವಾಗಲೇ ಕಿವಿಯಲ್ಲಿ ಎರೆದ ಮಾತುಗಳಿವು ಎಂದು ಆ ಪದ್ಯವೇ ಹೇಳುತ್ತದೆ. ಕೆರೆ, ಬಾವಿ, ಗುಡಿಗಳನ್ನು ಹೇಳಿದ ತಾಯಿ ಅಷ್ಟಕ್ಕೇ ನಿಲ್ಲದೆ, ಸೆರೆಯಲ್ಲಿ ಸಿಕ್ಕ ಅನಾಥರನ್ನು ಬಿಡಿಸು, ಗೆಳೆಯರಿಗೆ ಆಸರೆಯಾಗು, ಶಿಷ್ಟರನ್ನು ಪೊರೆ ಎಂದೂ ಹೇಳುತ್ತಾಳೆ. ಕನ್ನಡದಲ್ಲಿ ಇದಕ್ಕಿಂತ ಚೆಲುವಾದ ಉಯಿಲನ್ನು ನಾನು ಓದಿಲ್ಲ.

ಆದರೆ ಶಾಸನಗಳಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಸಲ ಬರುವ, ನಮ್ಮ ನೆನಪಿನಲ್ಲಿ ಮಾತ್ರ ಅಷ್ಟಾಗಿ ಉಳಿಯದ ಇನ್ನೊಂದು ಮಾತಿದೆ. ದಾನವನ್ನು, ಅದರ ಎಲ್ಲೆಗಳನ್ನು, ಸಾಕ್ಷಿಗಳನ್ನು ಬರೆದಾದ ಮೇಲೆ ಶಾಸನದ ಕೊನೆಯಲ್ಲಿ ಸಂಸ್ಕೃತದ ಕೆಲವು ಶ್ಲೋಕಗಳನ್ನು ಕೆತ್ತುವ ರೂಢಿಯಿತ್ತು. ಅವುಗಳಲ್ಲಿ ಒಂದು ‘ದಾನಪಾಲನಯೋರ್ಮಧ್ಯೇ ದಾನಾಚ್ಛ್ರೇಯೋನುಪಾಲನಂ’ ಎಂದು ಮೊದಲಾಗುತ್ತದೆ. ಕೊಡುವುದು, ಕೊಟ್ಟದ್ದನ್ನು ಕಾಯುವುದು ಇವೆರಡರಲ್ಲಿ ಕಾಯುವುದೇ ಮೇಲು, ಕೊಟ್ಟವನಿಗೆ ಸ್ವರ್ಗ ಸಿಕ್ಕರೆ ಕಾಯ್ದವನಿಗೆ ಅಳಿವಿಲ್ಲದ ಪದವಿ ಸಿಗುತ್ತದೆ ಎಂಬುದು ಅದರ ತಾತ್ಪರ್ಯ. ಇನ್ನೊಂದು ಶ್ಲೋಕ, ತಾನು ಕೊಟ್ಟ ದಾನಕ್ಕಿಂತ ಬೇರೆಯವರು ಕೊಟ್ಟದ್ದನ್ನು ಉಳಿಸಿಕೊಂಡು ಬರುವುದರಲ್ಲಿ ಎರಡು ಪಟ್ಟು ಪುಣ್ಯವಿದೆ ಎನ್ನುತ್ತದೆ. ಕೊಟ್ಟವರೇ ತಮ್ಮ ಕಲ್ಲಿನ ಮೇಲೆ ಇದನ್ನು ಬರೆಸುತ್ತಿದ್ದರು ಎಂಬುದನ್ನು ದಯವಿಟ್ಟು ಗಮನಿಸಿ. ತಮ್ಮ ಹೆಸರು, ತಮ್ಮ ಕೊಡುಗೆ ಕಲ್ಲಿನಲ್ಲಿ ನಿಂತಿರುವಾಗಲೇ, ಇನ್ನೂ ಹುಟ್ಟದ ಯಾವನೋ ಒಬ್ಬನನ್ನು ತಮಗಿಂತ ದೊಡ್ಡವನೆಂದು ಒಪ್ಪಿಕೊಳ್ಳುತ್ತಿದ್ದರು. ಊರ ಏರಿಯ ಮೇಲಿನ ಕಲ್ಲು ಕಾಯುತ್ತಿರುವುದು ಅಂಥ ಒಬ್ಬನನ್ನೇ, ಅಂದರೆ ನಿಮ್ಮನ್ನೇ ಇರಬಹುದು.

ಕಮಾನು ಬೇಡವೆಂದು ನೇರವಾಗಿಯೇ ಹೇಳುತ್ತೇನೆ. ಸಮುದಾಯ ಭವನ ಒಳ್ಳೆಯದೇ ಆದರೂ ಅದನ್ನು ಕಟ್ಟಲು ಬೇರೆ ದಾರಿಗಳು ಇವೆ. ಹೊಸ ಕಟ್ಟೆಯ ಆಸೆಯನ್ನೂ ಸ್ವಲ್ಪ ತಡೆಯಿರಿ. ಮೈಸೂರು ಸೀಮೆಯ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ 1866ರಷ್ಟು ಹಿಂದೆಯೇ, ನೀರು ಹಿಡಿಯುವ ಕೆಲಸ ಇಲ್ಲಿ ಎಷ್ಟು ಪೂರ್ತಿಯಾಗಿ ನಡೆದಿದೆಯೆಂದರೆ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂಬರ್ಥದ ಮಾತು ಬರೆದಿದ್ದ. ಒಂದು ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ, ಅದರದು ಇನ್ನೂ ಕೆಳಗಿನದಕ್ಕೆ ಹೀಗೆ ಸರಪಳಿಯಾಗಿ ಹೋಗುವ ನಮ್ಮ ಬಯಲುಸೀಮೆಯಲ್ಲಿ, ನೀವು ಹೊಲದಲ್ಲಿ ಹೊಸದಾಗಿ ಅಡ್ಡ ಹಾಕುವ ಕಟ್ಟೆ ಕೆಳಗಿನ ಊರಿನ ಹಳೆಯ ಕೆರೆಗೆ ಹೋಗುವ ನೀರನ್ನೇ ತಡೆಯಬಹುದು. ತಂದೆಯವರ ಹೆಸರಿನಲ್ಲಿ ಆಗಬೇಕಾದ ಕೆಲಸ ಅದಲ್ಲ.

ಹಳೆಯ ಕೆರೆಯನ್ನು ಕೈಗೆತ್ತಿಕೊಳ್ಳಿ. ಮೊದಲು ಆ ಕಲ್ಲನ್ನು ಓದಿಸಿ. ಅದಕ್ಕೆ ಸುಣ್ಣ, ಬಣ್ಣ, ಎಣ್ಣೆ ಹಚ್ಚಲು ಬಿಡಬೇಡಿ. ಕಿತ್ತು ಬೇರೆಡೆ ನಿಲ್ಲಿಸುವುದೂ ಬೇಡ. ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1904ರಲ್ಲಿಯೇ ಎಪಿಗ್ರಾಫಿಯಾ ಕರ್ನಾಟಿಕಾದ 12ನೆಯ ಸಂಪುಟದಲ್ಲಿ ತಾಲ್ಲೂಕುವಾರು ಪ್ರಕಟಿಸಿದ್ದಾರೆ. ನಿಮ್ಮ ಊರ ಕಲ್ಲಿನ ಪಾಠ ಅದರಲ್ಲೇ ಇದ್ದರೂ ಇದ್ದೀತು. ಕೆರೆಗಾಗಿ ನಿಂತ ಕಲ್ಲು ಏನೆಲ್ಲ ಉಳಿಸಬಲ್ಲದೆಂಬುದಕ್ಕೆ ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಕದಂಬ ಮನೆತನದ ಹುಟ್ಟು, ಮಯೂರಶರ್ಮ ಕಂಚಿಯಲ್ಲಿ ಅವಮಾನಗೊಂಡು ಖಡ್ಗ ಹಿಡಿದದ್ದು, ಇವೆಲ್ಲ ನಮಗೆ ತಿಳಿದಿರುವುದು ಐದನೆಯ ಶತಮಾನದ ಆ ಸ್ತಂಭಶಾಸನದಿಂದ. ಆದರೆ ಆ ಸ್ತಂಭವನ್ನು ನಿಲ್ಲಿಸಿದ್ದು ಇತಿಹಾಸ ಬರೆಯಲೆಂದಲ್ಲ; ಕದಂಬರ ದೊರೆ ಕಾಕುಸ್ಥವರ್ಮ ಅಲ್ಲಿನ ಗುಡಿಯ ಬಳಿ ಕೆರೆಯೊಂದನ್ನು ಕಟ್ಟಿಸಿದ್ದನ್ನು ದಾಖಲಿಸಲು. ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಅದನ್ನು ರಚಿಸಿದ. ಒಂದು ಕೆರೆಯ ನೆಪದಲ್ಲಿ ಒಂದು ನಾಡಿನ ಮೊದಲ ಅಧ್ಯಾಯ ಉಳಿದುಬಂತು.

ಇನ್ನು ಹಣದ ಮಾತು. ನಿಮ್ಮ ಹಣವನ್ನು ಒಂದೇ ಬೇಸಿಗೆಯಲ್ಲಿ ಜೆಸಿಬಿಗೆ ಸುರಿದು ಮುಗಿಸಬೇಡಿ. ನಮ್ಮ ಹಿರಿಯರು ಕೆರೆ ಕಟ್ಟಿದಾಗ ಅದರ ಜೊತೆಗೇ ಅದನ್ನು ನೋಡಿಕೊಳ್ಳುವ ವ್ಯವಸ್ಥೆಯನ್ನೂ ಕಟ್ಟುತ್ತಿದ್ದರು. ಬಿಟ್ಟುವಟ್ಟ ಎಂಬ ಮಾತು ಗಂಗರ ಕಾಲದ ಶಾಸನಗಳಲ್ಲಿಯೇ ಬರುತ್ತದೆ. ಕೆರೆ ಕಟ್ಟಿಸಿದವನಿಗೆ, ಕಾಪಾಡುವವನಿಗೆ ಆ ಕೆರೆಯ ನೀರುಣ್ಣುವ ಗದ್ದೆಯಲ್ಲಿಯೇ ಬಿಟ್ಟುಕೊಟ್ಟ ಪಾಲು ಅದು. ಮುಂದೆ ದಶವಂದ, ಕೆರೆಗೊಡಗೆ ಮುಂತಾದ ಹೆಸರುಗಳಲ್ಲಿ ಇದೇ ಏರ್ಪಾಡು ನಡೆದುಬಂತು. ಹೂಳು ಹೊರುವ ಬಂಡಿಗಳ ಖರ್ಚಿಗೆಂದೇ ಭೂಮಿ ಬಿಟ್ಟ ಶಾಸನಗಳೂ ಇವೆ. ಕೆರೆ ಬೆಳೆಸಿದ ಬೆಳೆಯ ಒಂದು ಪಾಲು ಪ್ರತಿವರ್ಷ ತಪ್ಪದೆ ಕೆರೆಗೇ ಹಿಂದಿರುಗುತ್ತಿತ್ತು, ಅದಕ್ಕಾಗಿ ಯಾರ ಔದಾರ್ಯವನ್ನೂ ಕಾಯಬೇಕಾಗಿರಲಿಲ್ಲ. ಕಟ್ಟಡದ ಕೌಶಲಕ್ಕಿಂತ ಈ ಏರ್ಪಾಡೇ ಹಿರಿಯರ ದೊಡ್ಡ ಬುದ್ಧಿ ಎಂದು ನಾನು ತಿಳಿದಿದ್ದೇನೆ. ನಮ್ಮಲ್ಲಿ ಕೆಟ್ಟುಹೋದದ್ದೂ ಅದೇ.

ಆದ್ದರಿಂದ ನಿಮ್ಮ ಹಣದ ಹೆಚ್ಚಿನ ಭಾಗವನ್ನು ಠೇವಣಿಯಾಗಿಟ್ಟು, ಬರುವ ಬಡ್ಡಿ ಪ್ರತಿವರ್ಷ ಮುಂಗಾರಿಗೆ ಮುಂಚೆ ಕೆರೆಗೆ ವಿನಿಯೋಗವಾಗುವಂತೆ ಮಾಡಿ. ಅದು ನಿಮ್ಮ ಮನೆಯವರ ಕೈಯಲ್ಲೇ ಉಳಿಯುವುದಕ್ಕಿಂತ, ಅಚ್ಚುಕಟ್ಟಿನ, ಅಂದರೆ ಕೆರೆಯ ನೀರುಣ್ಣುವ ಜಮೀನಿನ, ರೈತರು ಇರುವ ಕೆರೆ ಬಳಕೆದಾರರ ಸಂಘದ ಮೂಲಕ ನಡೆದರೆ ಒಳ್ಳೆಯದು. ಕೆರೆಗಳನ್ನು ಸರಿಪಡಿಸಲೆಂದು ಬಂದ ಜಲಸಂವರ್ಧನೆ ಯೋಜನೆಯ ದಿನಗಳಲ್ಲಿ ಇಂಥ ಸಂಘಗಳು ಅನೇಕ ಊರುಗಳಲ್ಲಿ ರಚನೆಯಾದವು. ನಿಮ್ಮೂರಿನಲ್ಲಿ ಒಂದಿದ್ದು ಮಲಗಿದ್ದರೆ ಅದನ್ನೇ ಎಬ್ಬಿಸಿ. ಕೆರೆ ಸರ್ಕಾರದ ಆಸ್ತಿಯಾದ್ದರಿಂದ ಅನುಮತಿಯಿಲ್ಲದೆ ಕೈಹಾಕುವಂತಿಲ್ಲ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆಗೆ, ಕಡಿಮೆಯಿದ್ದರೆ ಪಂಚಾಯತಿಗೆ ಬರೆದುಕೊಳ್ಳಿ. ಗ್ರಾಮ ನಕಾಶೆಯ ಪ್ರತಿಯೊಂದನ್ನು ಪಡೆದು, ಕೆರೆಯ ಎಲ್ಲೆಯನ್ನೂ ಅದಕ್ಕೆ ನೀರು ತರುವ ಕಾಲುವೆಗಳನ್ನೂ ಗುರುತಿಸಿ, ಭೂಮಾಪಕರಿಂದ ಅಳತೆ ಮಾಡಿಸಿ.

ಕೆಲಸದ ಅನುಕ್ರಮವೂ ಮುಖ್ಯ. ಕೆರೆಗೆ ನೀರು ಬರುವ ಕಾಲುವೆಗಳನ್ನು ಮೊದಲು ಬಿಡಿಸಿ, ಆಮೇಲೆ ಸೋರುವ ತೂಬನ್ನು ರಿಪೇರಿ ಮಾಡಿಸಿ, ಏರಿಯ ಮೇಲಿನ ಬಳ್ಳಾರಿ ಜಾಲಿಯನ್ನು ಬುಡಸಮೇತ ತೆಗೆಸಿ. ಜಾಲಿಯ ಬೇರು ಕೊಳೆತರೆ ನೀರಿಗೆ ದಾರಿಯಾಗುತ್ತದೆ, ಹೆಗ್ಗಣದ ಬಿಲವೂ ಅದೇ ಕೇಡು ಮಾಡುತ್ತದೆ. ಹೂಳೆತ್ತುವುದು ಕೊನೆಗೆ. ಅದನ್ನೂ ಏರಿಯ ಬುಡದಲ್ಲಿ ಅಗೆಯದೆ, ಕೆಳಗಿನ ಜಿಗುಟು ಜೇಡಿಪದರ ಒಡೆಯದಂತೆ ಎತ್ತಿಸಬೇಕು, ಇಲ್ಲವಾದರೆ ಆಳವಾದ ಕೆರೆಯಲ್ಲಿ ನೀರು ನಿಲ್ಲದು. ಎತ್ತಿದ ಮಣ್ಣು ಇಟ್ಟಿಗೆ ಗೂಡಿಗೆ ಹೋಗದೆ ಊರ ಹೊಲಗಳಿಗೇ ಹೋಗಲಿ. ಬೇಸಿಗೆಯಲ್ಲಿ ಗಾಡಿ ಹೂಡಿ ಗೋಡು, ಅಂದರೆ ಕೆರೆಯ ಹೂಳುಮಣ್ಣು, ಹೊಡೆಯುತ್ತಿದ್ದ ನಮ್ಮ ಅಜ್ಜಂದಿರಿಗೆ ಹೊಲಕ್ಕೆ ಗೊಬ್ಬರವೂ ಆಗುತ್ತಿತ್ತು, ಕೆರೆಗೆ ಆಳವೂ ಸಿಗುತ್ತಿತ್ತು.

ತಂದೆಯವರ ಹೆಸರು ಬೇಕೆನಿಸಿದರೆ ತೂಬಿನ ಪಕ್ಕದಲ್ಲೊಂದು ಸಣ್ಣ ಕಲ್ಲು ನಿಲ್ಲಿಸಿ. ಅದರಲ್ಲಿ ಅವರ ಹೆಸರಿನ ಜೊತೆಗೆ ಯಾವ ಹಣ, ಯಾವ ತಿಂಗಳು, ಯಾವ ಕೆಲಸಕ್ಕೆ, ಯಾರ ಹೊಣೆ ಎಂಬುದೆಲ್ಲ ಬರೆದಿರಲಿ. ಹಳೆಯ ಕಲ್ಲು ಬರೆಯಿಸಿದವರು ಅದನ್ನೇ ಮಾಡಿದ್ದರು.

ಪ್ರಶ್ನೆ: ನಾನು ಚಿಕ್ಕಬಳ್ಳಾಪುರ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಊರ ಹಿರಿಯರು ಕೆರೆಯ ಬಗ್ಗೆ ಹೇಳುವ ಮಾತುಗಳನ್ನು ಮಕ್ಕಳಿಂದ ಬರೆಸಿಕೊಳ್ಳಬೇಕೆಂದಿದ್ದೇನೆ. ಕೋಡಿಯಲ್ಲಿ ಗಂಗಮ್ಮ ಇದ್ದಾಳೆ, ತೂಬಿನ ಹತ್ತಿರ ಚಪ್ಪಲಿ ಹಾಕಿಕೊಂಡು ಹೋಗಬಾರದು ಎಂಬಂಥ ಮಾತುಗಳೂ ಅವುಗಳಲ್ಲಿ ಸೇರಿರುತ್ತವೆ. ಯಾವುದನ್ನು ಜ್ಞಾನವೆಂದು ಕಲಿಸಲಿ, ಯಾವುದನ್ನು ನಂಬಿಕೆಯೆಂದು ಬದಿಗಿಡಲಿ?

ಉತ್ತರ: ಬದಿಗಿಡುವ ಮೊದಲು ಎಲ್ಲವನ್ನೂ ಬರೆಸಿಕೊಳ್ಳಿ. ಆ ಮಾತು ಯಾವ ಜಾಗದ ಬಗ್ಗೆ ಇದೆ ಎಂಬುದನ್ನೂ ಮಕ್ಕಳು ಗುರುತು ಹಾಕಿಕೊಳ್ಳಲಿ. ಕೆರೆಯಲ್ಲಿ ಅಪಾಯ ಇರುವ ಜಾಗಗಳು ಮೂರು: ತೂಬು, ಕೋಡಿ, ಏರಿಯ ತಿರುವು. ದೇವರುಗಳೂ ಬಹುಮಟ್ಟಿಗೆ ಅಲ್ಲಿಯೇ ನೆಲೆಸಿರುವುದನ್ನು ನಿಮ್ಮ ಮಕ್ಕಳೇ ಕಂಡುಕೊಳ್ಳುತ್ತಾರೆ. ಕೆರೆ ತುಂಬಿದ ದಿನ ಊರೆಲ್ಲ ಬಾಗಿನದ ಮೊರ ಹಿಡಿದು ಕೋಡಿಗೆ ಹೋಗುತ್ತದೆ ಎಂದರೆ, ಏರಿಯ ಮೇಲೆ ನೀರಿನ ಒತ್ತಡ ಅತಿ ಹೆಚ್ಚಿರುವ ದಿನವೇ ಊರ ಕಣ್ಣುಗಳೆಲ್ಲ ಏರಿಯ ಮೇಲಿರುತ್ತವೆ. ಗಂಗಮ್ಮನನ್ನು ಕೂರಿಸಿದವರು ಇದನ್ನು ಲೆಕ್ಕ ಹಾಕಿಯೇ ಕೂರಿಸಿದರೆಂದು ನಾನು ಹೇಳಲಾರೆ. ಆದರೂ ಅದರ ಫಲ ಹಾಗಿತ್ತು, ಅದನ್ನು ಮಕ್ಕಳಿಗೆ ಹೇಳುವುದರಲ್ಲಿ ವಿಜ್ಞಾನಕ್ಕೆ ಕುಂದೇನೂ ಇಲ್ಲ.

ಹಿರಿಯರ ಜ್ಞಾನವೆಂದರೆ ಬರಿಯ ಬಾಯಿಮಾತು, ಶಾಸ್ತ್ರವಾಗಿ ಅವರು ಯೋಚಿಸಿರಲಿಲ್ಲ ಎಂಬ ಎಣಿಕೆ ಮಕ್ಕಳಲ್ಲಿದ್ದರೆ, ಪೋರುಮಾಮಿಳ್ಳದ ಶಾಸನದ ಕಥೆಯನ್ನು ಅವರಿಗೆ ಹೇಳಿ. ಇಂದಿನ ಆಂಧ್ರದ ಕಡಪ ಸೀಮೆಯಲ್ಲಿರುವ ಆ ಕೆರೆಯನ್ನು ವಿಜಯನಗರದ ಒಂದನೆಯ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ; 1369ರ ಸಂಸ್ಕೃತ ಶಾಸನ ಅದರದು. ದಿನವೂ ಸಾವಿರ ಆಳು, ಕಲ್ಲು ಸಾಗಿಸಲು ನೂರು ಬಂಡಿ, ಎರಡು ವರ್ಷದ ಕೆಲಸ ಎಂದು ಲೆಕ್ಕ ಕೊಡುವ ಆ ಶಾಸನ, ಒಳ್ಳೆಯ ಕೆರೆಗೆ ಬೇಕಾದ 12 ಸಾಧನಗಳನ್ನೂ ಕೆಡಿಸುವ ಆರು ದೋಷಗಳನ್ನೂ ಹೇಳುತ್ತದೆ. ಕೆರೆ ಕಟ್ಟಿಸುವವನಿಗೆ ಧರ್ಮಬುದ್ಧಿಯೂ ಧನವೂ ಇರಬೇಕು, ಜಲಶಾಸ್ತ್ರ ಬಲ್ಲವನು ಜೊತೆಗಿರಬೇಕು, ನೆಲ ಗಟ್ಟಿಯಾದ ಜೇಡಿಯದಿರಬೇಕು, ಏರಿ ತೀರ ಉದ್ದವಾಗದೆ ಒತ್ತಾದ ಕಲ್ಲಿನಿಂದ ಭದ್ರವಾಗಿರಬೇಕು, ಉದ್ದನೆಯ ಕಲ್ಲು ಸಿಗುವ ಗಣಿ ಹತ್ತಿರವಿರಬೇಕು, ಕಟ್ಟುವ ಕಸುಬು ಬಲ್ಲ ಜನ ಇರಬೇಕು, ಹೀಗೆ ಸಾಗುತ್ತದೆ ಸಾಧನಗಳ ಪಟ್ಟಿ.

ನನಗೆ ಹೆಚ್ಚು ಹಿಡಿಸಿದ್ದು ದೋಷಗಳ ಪಟ್ಟಿ. ಏರಿಯಿಂದ ನೀರು ಜಿನುಗುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ದಿಣ್ಣೆಯಿರುವುದು, ನೀರು ಕಡಿಮೆಯಿದ್ದು ನೆಲ ಹೆಚ್ಚಿರುವುದು, ನೀರು ಹೆಚ್ಚಿದ್ದು ನೆಲ ಕಡಿಮೆಯಿರುವುದು. ಕೊನೆಯ ಎರಡನ್ನು ನಿಮ್ಮ ಮಕ್ಕಳ ಮುಂದಿಟ್ಟು ಅವರ ಊರಿನ ಲೆಕ್ಕ ಹಾಕಿಸಿ. ನೀರಿಗೆ ತಕ್ಕ ಬೆಳೆಯೇ ಹೊರತು ಆಸೆಗೆ ತಕ್ಕ ಬೆಳೆಯಲ್ಲ ಎಂಬ ಮಾತನ್ನು ಆರೂವರೆ ಶತಮಾನದ ಹಿಂದೆ ಕಲ್ಲಿನಲ್ಲಿ ಕೆತ್ತಿಟ್ಟಿದ್ದರು. ಸಾವಿರ ಅಡಿಗೂ ಆಳಕ್ಕೆ ಕೊಳವೆಬಾವಿ ಕೊರೆದೂ ನೀರು ಕಾಣದ ನಿಮ್ಮ ಸೀಮೆಯ ಮಕ್ಕಳಿಗೆ ಇದನ್ನು ವಿವರಿಸಲು ಬೇರೆ ಉದಾಹರಣೆ ಬೇಕಾಗದು. ಗಡಿಯ ಮಾತನ್ನಂತೂ ಕಾವೇರಿ, ಕೃಷ್ಣೆಯರ ನೀರಿಗಾಗಿ ವರ್ಷಗಟ್ಟಲೆ ನ್ಯಾಯಾಲಯದ ಮುಂದೆ ನಿಂತ ನಾಡಿನವರಾದ ನಾವು ಇನ್ನೊಮ್ಮೆ ಓದಿಕೊಳ್ಳಬೇಕು.

ಒಂದು ಕಿವಿಮಾತು. ಊರಿನಲ್ಲಿ ನೀರುಗಂಟಿಯಾಗಿ, ಅಂದರೆ ಕೆರೆ ಕಾಯ್ದು ಗದ್ದೆಗಳಿಗೆ ನೀರು ಹಂಚುವವರಾಗಿ, ದುಡಿದ ಹಿರಿಯರು ಯಾರಾದರೂ ಇದ್ದರೆ, ಅವರ ಬಳಿ ಮೊದಲು ಹೋಗಿ. ತೂಬನ್ನು ಎಷ್ಟು ಎತ್ತಿದರೆ ಎಷ್ಟು ಗದ್ದೆಗೆ ಎಷ್ಟು ಹೊತ್ತಿಗೆ ನೀರು ಮುಟ್ಟುತ್ತದೆ, ಬರಗಾಲದಲ್ಲಿ ಯಾವ ಗದ್ದೆಗೆ ಮೊದಲು ಕೊಡುತ್ತಿದ್ದರು ಎಂಬುದನ್ನು ಬಲ್ಲವರು ಅವರೊಬ್ಬರೇ. ಅದು ಯಾವ ಶಾಸನದಲ್ಲೂ ಇಲ್ಲ.

ಪ್ರಶ್ನೆ: ‘ಹಿರಿಯರ ಜ್ಞಾನ’ ಎಂದು ನೀವೆಲ್ಲ ಬರೆಯುವುದನ್ನು ಓದುವಾಗ ನನಗೆ ನೋವಾಗುತ್ತದೆ. ನಮ್ಮದು ಕೋಲಾರ ಜಿಲ್ಲೆ. ನಮ್ಮ ತಾತ ನೀರುಗಂಟಿ. ರಾತ್ರಿ ಹಗಲು ಏರಿ ಕಾಯ್ದು ಊರ ಗದ್ದೆಗೆಲ್ಲ ನೀರು ಹಂಚಿದರು. ಅದೇ ಕೆರೆಯ ಸೋಪಾನಕ್ಕೆ ನಮ್ಮ ಅಜ್ಜಿ ಕೊಡ ಹಿಡಿದು ಇಳಿಯುವಂತಿರಲಿಲ್ಲ. ಕೆರೆ ನಿಲ್ಲಲೆಂದು ಸೊಸೆಯನ್ನು ಬಲಿಕೊಟ್ಟ ಕಥೆಯನ್ನು ತ್ಯಾಗವೆಂದು ಹಾಡುವವರೂ ನಮ್ಮ ಹಿರಿಯರೇ. ಇಂಥ ಪರಂಪರೆಯಿಂದ ನನ್ನ ಮಗಳಿಗೆ ನಾನು ಏನನ್ನು ದಾಟಿಸಲಿ?

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೇಲಿನ ಎರಡು ಉತ್ತರಗಳನ್ನು ನಿಮ್ಮ ಪತ್ರ ಬರುವ ಮೊದಲೇ ಬರೆದಿದ್ದೆ. ಅವನ್ನು ತಿದ್ದದೆ ಹಾಗೆಯೇ ಬಿಟ್ಟಿದ್ದೇನೆ, ಏಕೆಂದರೆ ಅವುಗಳಲ್ಲಿ ಏನು ಬಿಟ್ಟುಹೋಗಿತ್ತು ಎಂಬುದು ಓದುಗರಿಗೂ ಕಾಣಬೇಕು.

ನೀವು ಹೇಳಿದ್ದು ಪೂರ್ತಿ ನಿಜ. ಕಲ್ಲಿನಲ್ಲಿ ಕಟ್ಟಿಸಿದವನ ಹೆಸರಿದೆ, ಕೆಲವೊಮ್ಮೆ ಕೆತ್ತಿದವನ ಹೆಸರೂ ಇದೆ. ಮಣ್ಣು ಹೊತ್ತವರ ಹೆಸರಿಲ್ಲ. 1927ರ ಮಾರ್ಚ್ 20ರಂದು ಮಹಾರಾಷ್ಟ್ರದ ಮಹಾಡದ ಚೌದಾರ್ ಕೆರೆಯಲ್ಲಿ ಡಾ. ಅಂಬೇಡ್ಕರ್ ಅವರು ಸಾವಿರಾರು ಜನರೊಡನೆ ಬೊಗಸೆ ನೀರು ಕುಡಿಯಬೇಕಾಗಿ ಬಂದದ್ದು, ಕೆರೆ ಎಲ್ಲರದೆಂಬ ಮಾತು ನಮ್ಮ ದೇಶದಲ್ಲಿ ಬರಿಯ ಮಾತಾಗಿದ್ದುದರಿಂದ. ಸೊಸೆಯ ಬಲಿಯ ಕಥನವನ್ನು ನಾನು ತ್ಯಾಗದ ಕಥೆಯೆಂದು ಓದುವುದಿಲ್ಲ. ಮನೆಯ ಹಿರಿಯರು ಕೂತು ಆಡಿದ ಮಾತು ಒಬ್ಬ ಹೆಣ್ಣುಮಗಳ ಕಿವಿಗೆ ಬಿದ್ದು, ಅವಳು ತವರಿಗೆ ಹೋಗಿ ಹೇಳಲಾರದೆ ಹಿಂತಿರುಗುವ ಆ ಕಥೆಯಲ್ಲಿ, ಹಾಡಿದ ಹೆಂಗಸರು ಆ ಮನೆಯವರ ಮೇಲೆ ಹೊರಿಸಿದ ಆರೋಪವೇ ನನಗೆ ಕೇಳಿಸುತ್ತದೆ. ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳಬಾರದು ಎಂದವರೂ ನಮ್ಮ ಹಿರಿಯರೇ. ಆ ಗಾದೆಯೂ ಅವರ ಆಸ್ತಿಯಲ್ಲಿ ಸೇರಿದೆ, ಧೈರ್ಯವಾಗಿ ಬಳಸಿಕೊಳ್ಳಿ.

ಆದರೆ ನಿಮ್ಮ ತಾತ ಬಿಟ್ಟುಹೋದದ್ದನ್ನು ಆ ಅನ್ಯಾಯದ ಜೊತೆಗೆ ಎಸೆಯಬೇಡಿರೆಂದು ಕೇಳಿಕೊಳ್ಳುತ್ತೇನೆ, ಅದು ಅನ್ಯಾಯ ಮಾಡಿದವರ ಸ್ವತ್ತಲ್ಲ. ಸ್ವಂತಕ್ಕೆ ಹೆಚ್ಚು ಗದ್ದೆಯಿಲ್ಲದವನ ಕೈಯಲ್ಲಿ ತೂಬನ್ನು ಕೊಟ್ಟಿದ್ದರಿಂದಲೇ ನೀರಿನ ಹಂಚಿಕೆಯಲ್ಲಿ ಪಕ್ಷಪಾತ ಕಡಿಮೆಯಿತ್ತೆಂದು ಹೇಳುವವರಿದ್ದಾರೆ. ಇರಬಹುದು. ಅದನ್ನು ವ್ಯವಸ್ಥೆಯ ಹೆಚ್ಚುಗಾರಿಕೆಯೆಂದು ಹೊಗಳುವುದಕ್ಕಿಂತ, ಕುಡಿಯುವ ನೀರಿಗೆ ತಡೆಯೊಡ್ಡಿದ ಊರಿನ ಗದ್ದೆಗೂ ಲೆಕ್ಕ ತಪ್ಪದೆ ನೀರು ಹರಿಸಿದ ಮನುಷ್ಯನ ನ್ಯಾಯನಿಷ್ಠೆಯೆಂದು ನೋಡುವುದೇ ನನಗೆ ಸರಿಯೆನಿಸುತ್ತದೆ. ಹಾಗೆ ನೋಡಿದರೆ, ಶಾಸನ ಹೇಳುವ ‘ಕೊಟ್ಟವನಿಗಿಂತ ಕಾಯ್ದವನು ಮೇಲು’ ಎಂಬ ಮಾತು ನಿಮ್ಮ ತಾತನಿಗೆ ಸಲ್ಲುವಷ್ಟು ಯಾವ ಅಮಾತ್ಯನಿಗೂ ಸಲ್ಲುವುದಿಲ್ಲ.

ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಗೊಳಿಸುವ ಕಾನೂನು ನಮ್ಮ ರಾಜ್ಯದಲ್ಲಿ 1961ರಲ್ಲಿ ಬಂತು. ಹುಟ್ಟಿನಿಂದ ಹೇರಿದ ಚಾಕರಿ ತಪ್ಪಿದ್ದು ನ್ಯಾಯವೇ. ತಪ್ಪು ಇರುವುದು ಆ ಕೆಲಸಕ್ಕೆ ಮರ್ಯಾದೆಯುಳ್ಳ ಸಂಬಳ ಕೊಟ್ಟು ಬೇರೆ ಏರ್ಪಾಡು ಮಾಡದೆ ಬಿಟ್ಟಿದ್ದರಲ್ಲಿ. ನೀರುಗಂಟಿಯಿಲ್ಲದ ಕೆರೆ ಎಲ್ಲರದೂ ಆಗಿ ಯಾರದೂ ಅಲ್ಲವಾಯಿತು. ಇಂದು ಎಲ್ಲಿ ಕೆರೆಯ ಸಂಘ ಕಟ್ಟಿದರೂ ನೀರುಗಂಟಿಗೆ ತಿಂಗಳ ಸಂಬಳವಿರಬೇಕು, ಆ ಕೆಲಸ ಒಂದೇ ಜಾತಿಗೆ ಕಟ್ಟಿದ್ದಾಗಿರಬಾರದು. ಮೇಲಿನ ತುಮಕೂರಿನ ಓದುಗರಿಗೂ ಇದನ್ನು ಹೇಳುತ್ತಿದ್ದೇನೆ: ನಿಮ್ಮ ಠೇವಣಿಯ ಬಡ್ಡಿಯಲ್ಲಿ ಮೊದಲ ಪಾಲು ನೀರುಗಂಟಿಯದು.

ನಿಮ್ಮ ಮಗಳಿಗೆ ಎರಡನ್ನೂ ಹೇಳಿ. ತಾತನಿಗೆ ಗೊತ್ತಿದ್ದ ಗದ್ದೆಗಳ ಹೆಸರು, ನೀರಿನ ಸರದಿ, ಕೆಲಸಕ್ಕೆ ಪ್ರತಿಯಾಗಿ ಸಲ್ಲುತ್ತಿದ್ದ ಧಾನ್ಯದ ಪಾಲಾದ ಆಯದ ಲೆಕ್ಕ ಎಲ್ಲವನ್ನೂ ಅವಳು ಬರೆದಿಟ್ಟುಕೊಳ್ಳಲಿ. ಅಜ್ಜಿ ಯಾವ ಮೆಟ್ಟಿಲಿನ ಬಳಿ, ಯಾರಾದರೂ ನೀರು ಸುರಿಯಲೆಂದು ಕೊಡ ಇಟ್ಟು ಎಷ್ಟು ಹೊತ್ತು ಕಾಯುತ್ತಿದ್ದರೆಂಬುದನ್ನೂ ಅದೇ ಪುಸ್ತಕದಲ್ಲಿ ಬರೆಯಲಿ. ಅದನ್ನು ಪ್ರಕಟಿಸುವ ಮನಸ್ಸಾದರೆ ಈ ಪತ್ರಿಕೆಗೆ ಕಳುಹಿಸಿ.

ಪ್ರಶ್ನೆ: ನಾವಿಬ್ಬರೂ ಮೈಸೂರಿನಲ್ಲಿದ್ದೇವೆ, ವಯಸ್ಸು ಅರುವತ್ತರ ಹತ್ತಿರ. ಮಕ್ಕಳಿಲ್ಲ. ನಂಜನಗೂಡಿನ ಕಡೆ ಒಂದೆಕರೆ ಹೊಲವಿದೆ, ಅದರ ಪಕ್ಕದಲ್ಲಿ ಊರಿಗೆ ಹೋಗುವ ರಸ್ತೆ. ರಸ್ತೆಬದಿಯಲ್ಲಿ ಮರ ನೆಡಬೇಕೆಂದು ಮನೆಯವರ ಆಸೆ. ‘ನಾವು ಹೋದ ಮೇಲೆ ಯಾರು ನೋಡಿಕೊಳ್ಳುತ್ತಾರೆ’ ಎಂದು ನನ್ನ ಸಂಕಟ.

ಉತ್ತರ: ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ತಿಮ್ಮಕ್ಕನವರಿಗೂ ಅವರ ಯಜಮಾನರಾದ ಚಿಕ್ಕಯ್ಯನವರಿಗೂ ಮಕ್ಕಳಿರಲಿಲ್ಲ. ಕೂಲಿ ಮಾಡಿ ಬದುಕುತ್ತಿದ್ದ ಆ ದಂಪತಿ ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿಯ ಬದಿಯಲ್ಲಿ 380ಕ್ಕೂ ಹೆಚ್ಚು ಆಲದ ಮರಗಳನ್ನು ಬೆಳೆಸಿದರು. ಅವರ ಹೆಸರಿನ ಜೊತೆ ನಾವೆಲ್ಲ ಆ ಸಂಖ್ಯೆಯನ್ನು ಹೇಳುತ್ತೇವೆ. ಆದರೆ ಒಂದೇ ದಿನ ಅಷ್ಟನ್ನೂ ನೆಡಲಿಲ್ಲ ಎಂಬುದನ್ನು ಮರೆಯುತ್ತೇವೆ. ಮೊದಲ ವರ್ಷ ಹತ್ತರಷ್ಟು ಸಸಿ, ಮುಂದಿನ ವರ್ಷ ಇನ್ನಷ್ಟು, ಹೀಗೆ ತಮ್ಮ ಕೈಲಾಗುವಷ್ಟೇ ನೆಟ್ಟು, ಕೊಡದಲ್ಲಿ ನೀರು ಹೊತ್ತು, ದನ ಮೇಯದಂತೆ ಮುಳ್ಳು ಕಟ್ಟಿ ಕಾಪಾಡಿದರು. 2019ರಲ್ಲಿ, ತಿಮ್ಮಕ್ಕನವರಿಗೆ ಪದ್ಮಶ್ರೀ ಬಂದ ವರ್ಷವೇ, ರಸ್ತೆ ಅಗಲಿಸಲು ಆ ಮರಗಳಿಗೆ ಕೊಡಲಿ ಬೀಳುವ ಸಂಭವ ಬಂದಾಗ ಅವರೇ ಸರ್ಕಾರದ ಮುಂದೆ ಹೋಗಿ ಕೇಳಿಕೊಂಡು ಉಳಿಸಿಕೊಳ್ಳಬೇಕಾಯಿತು. 2025ರ ನವೆಂಬರಿನಲ್ಲಿ ಅವರು ತೀರಿಕೊಂಡರು; ಈಗ ಆ ಸಾಲುಮರಗಳನ್ನು ಕಾಯುವ ಸರದಿ ಬೇರೆಯವರದು.

ಆದ್ದರಿಂದ ನಿಮ್ಮ ಸಂಕಟ ಮಕ್ಕಳಿರುವವರಿಗೂ ಇರಬೇಕಾದದ್ದೇ. ಅದಕ್ಕೆ ಮಾಡಬಹುದಾದ ಉಪಾಯ, ನೆಡುವ ಮೊದಲೇ ಕಾಯುವವರನ್ನು ಹುಡುಕುವುದು. ರಸ್ತೆಬದಿಯ ಜಾಗ ನಿಮ್ಮದಲ್ಲವಾದ್ದರಿಂದ ಪಂಚಾಯತಿಗೆ ಬರೆದು ಒಪ್ಪಿಗೆ ಪಡೆಯಿರಿ, ಮುಂದೆ ರಸ್ತೆ ಅಗಲವಾದರೆ ಎಲ್ಲಿಯವರೆಗೆ ಬರುತ್ತದೆಂದು ಕೇಳಿ ಅದರಾಚೆಗೆ ಗುಂಡಿ ತೋಡಿಸಿ. ಆ ದಾರಿಯಲ್ಲಿ ದಿನವೂ ಓಡಾಡುವ ಶಾಲೆಯ ಮಕ್ಕಳಿಗೆ, ದನ ಮೇಯಿಸುವವರಿಗೆ, ಪಕ್ಕದ ಹೊಲದವರಿಗೆ ಒಂದೊಂದು ಮರ ಒಪ್ಪಿಸಿ. ಹುಣಿಸೆ, ನೇರಳೆ, ಹಲಸು ಸೇರಿದ್ದರೆ ಹಣ್ಣು ಉಣ್ಣುವವರೇ ಕಾವಲುಗಾರರಾಗುತ್ತಾರೆ. ಊರವರೆಲ್ಲರ ಮರದ ತೋಪುಗಳಾದ ಹಳೆಯ ಗುಂಡುತೋಪುಗಳು ಹಾಗೆಯೇ ಉಳಿದವು. ನಿಮ್ಮ ಒಂದೆಕರೆಯ ಬಗ್ಗೆ ಉಯಿಲು ಬರೆಯುವಾಗ, ಅದರ ಫಸಲಿನ ಒಂದು ಪಾಲು ಈ ಮರಗಳಿಗೆಂದು ವಕೀಲರಿಂದ ಸರಿಯಾಗಿ ಬರೆಸಿ ನೋಂದಾಯಿಸಿ. ಮೇಲೆ ಹೇಳಿದ ಬಿಟ್ಟುವಟ್ಟಕ್ಕೆ ಇಂದಿನ ರೂಪ ಅದೇ.

ಈ ವರ್ಷ ಇಪ್ಪತ್ತಕ್ಕಿಂತ ಹೆಚ್ಚು ನೆಡಬೇಡಿ. ಗುಂಡಿಗಳನ್ನು ಏಪ್ರಿಲ್‌ನಲ್ಲೇ ತೋಡಿಸಿ ಬಿಸಿಲಿಗೆ ಬಿಡಿ,ಮುಂಗಾರಿನ ಎರಡು ಒಳ್ಳೆಯ ಮಳೆ ಬಿದ್ದು ನೆಲ ತಣಿದ ಮೇಲೆ ಆಳೆತ್ತರದ ಸಸಿಗಳನ್ನೇ ತಂದು ನೆಡಿ, ಸುತ್ತ ಜಾಲಿಮುಳ್ಳು ಕಟ್ಟಿ. ಮೊದಲ ಮೂರು ಬೇಸಿಗೆ ವಾರಕ್ಕೆ ಎರಡು ಕೊಡ ನೀರು ಬೇಕಾಗುತ್ತದೆ. ಆ ಮೂರು ಬೇಸಿಗೆಯಲ್ಲಿ ಮೈಸೂರು ಬಿಟ್ಟು ದೂರದ ಊರಿಗೆ ಹೋಗುವ ಯೋಚನೆಯಿದ್ದರೆ, ನೀರು ಹಾಕುವವರಿಗೆ ಮುಂಚೆಯೇ ಕೂಲಿ ಕೊಟ್ಟು ಹೋಗಿ.